ನಮ್ಮ ಜರಡಿಯಲ್ಲಿ ನಿಲ್ಲದ ರೆಸ್ಯೂಮೆಗಳು

ಕಂಪಾಲಾದ ಹುಡುಗನ ರೆಸ್ಯೂಮೆ ನಾನು ಓದಿದ್ದು ಅದು ರಿಜೆಕ್ಟ್ ಆಗಿ ಎಂಟು ತಿಂಗಳಾದ ಮೇಲೆ.

ಬೇಕೆಂದು ಹುಡುಕಿ ಓದಿದ್ದಲ್ಲ. ನಾನಾ ದೇಶದವರು ತಮ್ಮೂರಲ್ಲೇ ಕೂತು ಕೆಲಸ ಮಾಡುವ ನಮ್ಮ ಸಾಫ್ಟ್‌ವೇರ್ ಕಂಪನಿಯ ಪೇಮೆಂಟ್ ಟೀಮಿನಲ್ಲಿ ಒಂದು ಹುದ್ದೆ ಐದು ತಿಂಗಳಿಂದ ಖಾಲಿ ಬಿದ್ದಿತ್ತು. ಇಂಟರ್‌ವ್ಯೂಗೆ ಬಂದವರಲ್ಲಿ ಕೆಲವರು ಪಾಸಾಗಲಿಲ್ಲ. ಪಾಸಾದವರು ನಮ್ಮ ಆಫರ್ ಲೆಟರ್ ತೋರಿಸಿ ಬೇರೆ ಕಡೆ ಜಾಸ್ತಿ ಸಂಬಳ ಕೇಳಿಕೊಂಡು ಹೋದರು. ಒಂದು ಸಂಜೆ ಬೇಜಾರಾಗಿ ಹಳೇ ಅರ್ಜಿಗಳನ್ನು ಸುಮ್ನೆ ತಿರುವಿ ಹಾಕುತ್ತಿದ್ದೆ. ಆಗ ಸಿಕ್ಕಿತು.

ಉಗಾಂಡಾದ ಮಕೆರೆರೆ ವಿಶ್ವವಿದ್ಯಾಲಯದಲ್ಲಿ ಓದಿದವನು. ನಾಲ್ಕು ವರ್ಷ ಮೊಬೈಲ್‌ನಲ್ಲಿ ಹಣ ಕಳಿಸುವ ವ್ಯವಸ್ಥೆಯ ಮೇಲೆ ಕೆಲಸ ಮಾಡಿದ್ದ. ನೆಟ್‌ವರ್ಕ್ ನಡುವೆ ಕೈಕೊಟ್ಟರೆ ಹಣ ಎರಡು ಸಲ ಕಡಿತ ಆಗಬಾರದು, ಮಧ್ಯದಲ್ಲಿ ಕಳೆದೂ ಹೋಗಬಾರದು. ಅದನ್ನು ನೋಡಿಕೊಳ್ಳುವುದೇ ಅವನ ಕೆಲಸ. ನಾವು ಐದು ತಿಂಗಳಿಂದ ಹುಡುಕುತ್ತಿದ್ದದ್ದೂ ಅದೇ ಕೆಲಸ ಬಲ್ಲವರನ್ನು.

ಹಾಗಾದರೆ ಯಾರು ರಿಜೆಕ್ಟ್ ಮಾಡಿದ್ದು? ಯಾರೂ ಅಲ್ಲ. ಅರ್ಜಿ ಸೋಸುವ ಸಾಫ್ಟ್‌ವೇರ್‌ನಲ್ಲಿ ಯೂನಿವರ್ಸಿಟಿಗಳ ಒಂದು ಪಟ್ಟಿ ಇತ್ತು. ಪಟ್ಟಿಯಲ್ಲಿದ್ದರೆ ಅಂಕ, ಇಲ್ಲದಿದ್ದರೆ ಸೊನ್ನೆ. ಮಕೆರೆರೆ ಶುರುವಾದದ್ದು 1922ರಲ್ಲಿ. ನೂರು ವರ್ಷ ದಾಟಿದ ವಿದ್ಯಾಸಂಸ್ಥೆ. ನಮ್ಮ ಪಟ್ಟಿಯಲ್ಲಿ ಅದನ್ನು ಯಾರೂ ತೆಗೆದುಹಾಕಿರಲಿಲ್ಲ, ಯಾರೂ ಸೇರಿಸಿಯೂ ಇರಲಿಲ್ಲ. ಪಟ್ಟಿ ಮಾಡಿದವರಲ್ಲಿ ನಾನೂ ಒಬ್ಬಳು.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. 14 ವರ್ಷದಿಂದ ಜನರನ್ನು ಕೆಲಸಕ್ಕೆ ಹುಡುಕುವುದೇ ನನ್ನ ಕೆಲಸ. "ಒಳ್ಳೆಯವರು ಸಿಗ್ತಿಲ್ಲ" ಎಂದು ನಾನೇ ಎಷ್ಟು ಮೀಟಿಂಗ್‌ಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಮಾರನೇ ದಿನದಿಂದ ಎರಡು ವಾರ, ದಿನಕ್ಕೆ ಒಂದು ಗಂಟೆ, ಸಾಫ್ಟ್‌ವೇರ್ ಹೊರಗೆ ಹಾಕಿದ ಅರ್ಜಿಗಳನ್ನೇ ಓದುತ್ತಾ ಕೂತೆ.

ಇಥಿಯೋಪಿಯಾದ ಒಬ್ಬ ಅಭ್ಯರ್ಥಿ. ಡಿಗ್ರಿ ಮುಗಿದದ್ದು 2008, ಮೊದಲ ಕೆಲಸ 2016. ನಡುವೆ ಎಂಟು ವರ್ಷ ಏನೂ ಇಲ್ಲ. "ವಿವರಣೆ ಇಲ್ಲದ ಅಂತರ" ಎಂದು ಸಾಫ್ಟ್‌ವೇರ್ ಕೆಂಪು ಗುರುತು ಹಾಕಿತ್ತು. ಅಂತರ ಇರಲೇ ಇಲ್ಲ. ಇಥಿಯೋಪಿಯಾಕ್ಕೆ ತನ್ನದೇ ಕ್ಯಾಲೆಂಡರ್ ಇದೆ. ವರ್ಷಕ್ಕೆ 13 ತಿಂಗಳು, ಎಣಿಕೆಯಲ್ಲಿ ನಮ್ಮ ಇಸವಿಗಿಂತ ಏಳೆಂಟು ವರ್ಷ ಹಿಂದೆ. ಅವರ ಸರ್ಟಿಫಿಕೇಟಿನ 2008 ಎಂದರೆ ಇಸವಿ ಲೆಕ್ಕದಲ್ಲಿ 2016. ಅಂದರೆ ಓದು ಮುಗಿದ ವರ್ಷವೇ ಕೆಲಸ ಹಿಡಿದಿದ್ದರು! ನೇಪಾಳದ ಇನ್ನೊಬ್ಬರದ್ದು ಇದರ ತಿರುಗುಮುರುಗು. ಅಲ್ಲಿನ ವಿಕ್ರಮ ಸಂವತ್ ಸುಮಾರು 57 ವರ್ಷ ಮುಂದೆ. ಡಿಗ್ರಿ ವರ್ಷ 2073 ಎಂದು ಹಾಕಿದ್ದರು. ಮುಂದೆ ಬರುವ ತಾರೀಕು ಸ್ವೀಕರಿಸುವುದಿಲ್ಲ ಎಂದು ಫಾರಂ ಅವರನ್ನು ಅಲ್ಲೇ ನಿಲ್ಲಿಸಿತ್ತು.

ಹೆಸರಿನ ಕಥೆ ಇನ್ನೂ ದೊಡ್ಡದು. ಫಾರಂನಲ್ಲಿ ಮೊದಲ ಹೆಸರು, ಮನೆತನದ ಹೆಸರು ಎಂದು ಎರಡು ಖಾನೆ, ಎರಡೂ ಕಡ್ಡಾಯ. ಮ್ಯಾನ್ಮಾರ್‌ನ ಬರ್ಮೀಯರಲ್ಲಿ ಮನೆತನದ ಹೆಸರೇ ಇರುವುದಿಲ್ಲ. ಇಥಿಯೋಪಿಯಾ, ಎರಿಟ್ರಿಯಾಗಳಲ್ಲಿ ಎರಡನೆಯದು ತಂದೆಯ ಹೆಸರು. ನಮ್ಮ ಕಂಪ್ಯೂಟರ್ ಕಳಿಸುತ್ತಿದ್ದ ಮೇಲ್ "ಮಾನ್ಯ" ಎಂದು ಶುರುವಾಗಿ ಎರಡನೇ ಖಾನೆಯ ಹೆಸರನ್ನು ಸೇರಿಸುತ್ತಿತ್ತು. ಎಷ್ಟು ವರ್ಷ ನಾವು ಅಭ್ಯರ್ಥಿಗಳ ಬದಲು ಅವರ ಅಪ್ಪಂದಿರಿಗೆ ಪತ್ರ ಬರೆದಿದ್ದೇವೆ ಎಂದು ಯೋಚಿಸಿದರೆ ಈಗಲೂ ಮನಸ್ಸು ಕುಗ್ಗುತ್ತದೆ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರು ಖಾನೆ ತುಂಬಿಸಲು ಅದನ್ನೇ ಎರಡು ಸಲ ಬರೆದಿದ್ದರು. ಒಬ್ಬರು ಬರೀ ಒಂದು ಚುಕ್ಕಿ ಇಟ್ಟಿದ್ದರು. ಆ ಚುಕ್ಕಿಯ ಕಾರಣಕ್ಕೇ ಅರ್ಜಿ ನಕಲಿ ಎಂದು ಹೊರಗೆ ಹೋಗಿತ್ತು.

ಈಗ ನಮ್ಮ ಫಾರಂನಲ್ಲಿ ಒಂದೇ ಖಾನೆ ಇದೆ: "ನಿಮ್ಮ ಹೆಸರು, ನೀವು ಬರೆಯುವ ಹಾಗೆ." ಅದರ ಕೆಳಗೆ: "ನಿಮ್ಮನ್ನು ಏನೆಂದು ಕರೆಯಬೇಕು?" ಇಷ್ಟು ಬದಲಿಸುವುದಕ್ಕೆ ನನಗೆ ಹನ್ನೊಂದು ತಿಂಗಳು ಹಿಡಿಯಿತು.

ಇಥಿಯೋಪಿಯಾದ ಆ ಅಭ್ಯರ್ಥಿಯನ್ನು ಆನ್‌ಲೈನ್ ಇಂಟರ್‌ವ್ಯೂಗೆ ಕರೆದೆ. ಅಲ್ಲೂ ತಪ್ಪು ನನ್ನದೇ. "ನಿಮ್ಮ ಊರಿನ ಸಮಯ 3 ಗಂಟೆಗೆ" ಎಂದು ಬರೆದಿದ್ದೆ. ನನ್ನ ತಲೆಯಲ್ಲಿ ಇದ್ದದ್ದು ಮಧ್ಯಾಹ್ನ ಮೂರು. ಅಡಿಸ್ ಅಬಾಬಾದಲ್ಲಿ ಗಂಟೆಯ ಲೆಕ್ಕ ಸೂರ್ಯ ಹುಟ್ಟುವಲ್ಲಿಂದ ಶುರುವಾಗುತ್ತದೆ. ಬೆಳಿಗ್ಗೆ ಏಳು ಅವರಿಗೆ ಒಂದು ಗಂಟೆ, ಬೆಳಿಗ್ಗೆ ಒಂಬತ್ತು ಅವರಿಗೆ ಮೂರು. ನಾನು "ನಿಮ್ಮ ಊರಿನ ಸಮಯ" ಎಂದಿದ್ದನ್ನು ಅವರು ಅಕ್ಷರಶಃ ನಂಬಿ ಬೆಳಿಗ್ಗೆ ಒಂಬತ್ತಕ್ಕೆ ಬಂದು ಕೂತು, ಒಂದೂವರೆ ಗಂಟೆ ಕಾದು ಎದ್ದುಹೋಗಿದ್ದರು. ಮಧ್ಯಾಹ್ನ ನಮ್ಮ ಪ್ಯಾನಲ್‌ನವರು ಹದಿನೈದು ನಿಮಿಷ ನೋಡಿ "ಗೈರುಹಾಜರಿ" ಎಂದು ಬರೆದರು. ಸಂಜೆ ಅವರ ಮೇಲ್ ಬಂತು. ಒಂದು ಮಾತೂ ಬಿರುಸಿಲ್ಲ. "ಇನ್ನೊಮ್ಮೆ ಅವಕಾಶ ಇದ್ದರೆ ತಿಳಿಸಿ" ಅಂತ ಅಷ್ಟೇ. ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ. ಈಗ ಅವರು ನಮ್ಮ ಟೆಸ್ಟಿಂಗ್ ಟೀಮಿನ ಲೀಡ್. ಆವತ್ತಿನಿಂದ ನಾನು ಎಲ್ಲ ಕರೆಗೂ ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯ ಬರೆದು, 24 ಗಂಟೆ ಲೆಕ್ಕದಲ್ಲಿ ಹಾಕಿ, ಕ್ಯಾಲೆಂಡರ್ ಲಿಂಕ್ ಕಳಿಸುತ್ತೇನೆ.

"ಆ ದೇಶಗಳಲ್ಲಿ ನಿಜವಾಗಿಯೂ ಕೆಲಸ ಬಲ್ಲವರು ಅಷ್ಟು ಜನ ಇದ್ದಾರಾ?" ಎಂದು ನಮ್ಮ ಮ್ಯಾನೇಜರ್‌ಗಳು ಕೇಳುತ್ತಾರೆ. ನಾನು ವರ್ಷಗಳನ್ನು ಎಣಿಸಿ ತೋರಿಸುತ್ತೇನೆ. 2009ರವರೆಗೆ ಕೀನ್ಯಾ, ಟಾಂಜಾನಿಯಾದಂಥ ಪೂರ್ವ ಆಫ್ರಿಕಾದ ದೇಶಗಳ ಕರಾವಳಿಗೆ ಸಮುದ್ರದಡಿಯ ಫೈಬರ್ ಕೇಬಲ್ ಬಂದಿರಲಿಲ್ಲ. ಇಂಟರ್ನೆಟ್ ಎಂದರೆ ಸ್ಯಾಟಲೈಟ್, ನಿಧಾನ, ದುಬಾರಿ. 2009ರಲ್ಲಿ ಸೀಕಾಮ್ ಮತ್ತು ಟೀಮ್ಸ್, 2010ರಲ್ಲಿ ಈಸಿ ಎಂಬ ಕೇಬಲ್‌ಗಳು ಬಂದವು. ಆಗ ಹೈಸ್ಕೂಲಿನಲ್ಲಿ ಇದ್ದ ಮಕ್ಕಳಿಗೆ ಈಗ ಮೂವತ್ತರ ಆಸುಪಾಸು. ಉರುಗ್ವೆ 2007ರಲ್ಲಿ ಪ್ಲಾನ್ ಸೆಯ್‌ಬಾಲ್ ಶುರು ಮಾಡಿ ಸರ್ಕಾರಿ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಲ್ಯಾಪ್‌ಟಾಪ್ ಕೊಟ್ಟಿತು. ಆ ಮಕ್ಕಳೂ ಈಗ ಕೆಲಸದ ವಯಸ್ಸಿಗೆ ಬಂದಿದ್ದಾರೆ. ಅರ್ಮೇನಿಯಾದ ಯೆರೆವಾನ್‌ನಲ್ಲಿ 2011ರಲ್ಲಿ ಟುಮೊ ಎಂಬ ಕೇಂದ್ರ ಶುರುವಾಯಿತು. 12ರಿಂದ 18 ವರ್ಷದವರಿಗೆ ಶಾಲೆ ಮುಗಿದ ಮೇಲೆ ಪ್ರೋಗ್ರಾಮಿಂಗ್, ಅನಿಮೇಷನ್, ರೋಬಾಟ್ ಕಲಿಸುತ್ತಾರೆ. ಫೀಸ್ ಇಲ್ಲ. ಇದು ಆಕಸ್ಮಿಕವೂ ಅಲ್ಲ. ಸೋವಿಯತ್ ಕಾಲದಲ್ಲೇ, 1956ರಲ್ಲಿ, ಅಲ್ಲಿ ಗಣಕಯಂತ್ರ ಸಂಶೋಧನಾ ಸಂಸ್ಥೆ ಆಗಿತ್ತು. ನೈರಿ, ರಾಜ್‌ದಾನ್ ಎಂಬ ಕಂಪ್ಯೂಟರ್‌ಗಳನ್ನು ಅಲ್ಲೇ ಮಾಡಿದರು. ಅಜ್ಜ ಕಂಪ್ಯೂಟರ್ ಕಟ್ಟಿದ, ಮೊಮ್ಮಗಳು ಆ್ಯಪ್ ಬರೆಯುತ್ತಾಳೆ ಎನ್ನುವ ಮನೆಗಳು ಅಲ್ಲಿ ಇರುವುದರಲ್ಲಿ ಆಶ್ಚರ್ಯ ಏನಿದೆ?

ಯಾವ ದೇಶದಲ್ಲಿ ಯಾವ ವರ್ಷ ಏನು ಬಂತು ಎಂದು ನೋಡಿದರೆ, ಹತ್ತು ಹದಿನೈದು ವರ್ಷ ಆದ ಮೇಲೆ ಅಲ್ಲಿ ಯಾರು ಸಿಗುತ್ತಾರೆ ಎಂಬ ಅಂದಾಜು ಸಿಗುತ್ತದೆ. ನನ್ನ ಗೋಡೆಯ ಮೇಲೆ ಈಗ ಒಂದು ಭೂಪಟ ಇದೆ. ಕೇಬಲ್ ಬಂದ ವರ್ಷ, ಕಾಲೇಜು ಶುರುವಾದ ವರ್ಷ ಬರೆದು ಅಂಟಿಸಿದ್ದೇನೆ. ರುವಾಂಡಾದ ರಾಜಧಾನಿ ಕಿಗಾಲಿಯ ಮೇಲೆ ಒಂದು ಚೀಟಿ: ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಫ್ರಿಕಾ ಕ್ಯಾಂಪಸ್, ಮೊದಲ ಬ್ಯಾಚ್ 2012.

ಜನ ಇದ್ದರು. ನಮ್ಮ ಪರೀಕ್ಷೆ ಅವರನ್ನು ಬೀಳಿಸುತ್ತಿತ್ತು. ತೊಂಬತ್ತು ನಿಮಿಷದ ಆನ್‌ಲೈನ್ ಟೆಸ್ಟ್, ಕ್ಯಾಮೆರಾ ಆನ್ ಇರಬೇಕು, ಸಂಪರ್ಕ ಕಡಿದರೆ "ಅನುಮಾನಾಸ್ಪದ". ಮಡಗಾಸ್ಕರ್‌ನ ಒಬ್ಬರಿಗೆ ಮಧ್ಯದಲ್ಲಿ ಎರಡು ಸಲ ಕರೆಂಟ್ ಹೋಯಿತು. ಮೋಸ ಮಾಡಿರಬಹುದು ಎಂದು ಯಂತ್ರ ಬರೆಯಿತು. ನಾನು ಆ ರೆಕಾರ್ಡಿಂಗ್ ನೋಡಿದೆ. ಕತ್ತಲಾಗುತ್ತದೆ. ಮೊಬೈಲ್ ಟಾರ್ಚ್ ಹೊತ್ತುತ್ತದೆ. ಅದರ ಬೆಳಕಿನಲ್ಲಿ ಅವರು ಕಾಗದದ ಮೇಲೆ ಲೆಕ್ಕ ಬರೆಯುತ್ತಾ ಇರುತ್ತಾರೆ. ಕರೆಂಟ್ ಬಂದ ಕೂಡಲೇ ಮತ್ತೆ ಟೈಪ್ ಮಾಡುತ್ತಾರೆ. ನಾನು ಆ ವಿಡಿಯೋವನ್ನು ಅವರ ಒಪ್ಪಿಗೆ ಕೇಳಿ ಪ್ಯಾನಲ್‌ಗೆ ತೋರಿಸಿದೆ. ಯಾರೂ ಮಾತಾಡಲಿಲ್ಲ. ಅದಾದ ಮೇಲೆ ಆ ಟೆಸ್ಟ್ ಬಿಟ್ಟೆವು. ಈಗ ಒಂದು ಸಣ್ಣ ಕೆಲಸ ಕೊಟ್ಟು ಮೂರು ದಿನ ಸಮಯ ಕೊಡುತ್ತೇವೆ, ಅದಕ್ಕೆ ಹಣವನ್ನೂ ಕೊಡುತ್ತೇವೆ. ಆಮೇಲೆ ಮುಕ್ಕಾಲು ಗಂಟೆ ಮಾತು: ಯಾಕೆ ಹೀಗೆ ಬರೆದಿರಿ, ಬೇರೆ ದಾರಿ ಏನಿತ್ತು. ಬೇರೆಯವರಿಂದ ಬರೆಸಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

2024ರ ಮಾರ್ಚ್ 14ರಂದು ಘಾನಾದ ಅಕ್ರಾದ ಒಬ್ಬರ ಕೊನೇ ಸುತ್ತು ಇತ್ತು. ಆವತ್ತೇ ಐವರಿ ಕೋಸ್ಟ್ ಕರಾವಳಿಯ ಆಚೆ ಸಮುದ್ರದಡಿಯ ನಾಲ್ಕು ಕೇಬಲ್‌ಗಳು ಹಾಳಾಗಿ, ಪಶ್ಚಿಮ ಆಫ್ರಿಕಾದ ಹಲವು ದೇಶಗಳಲ್ಲಿ ಇಂಟರ್ನೆಟ್ ಕುಸಿಯಿತು. ಹಳೇ ನಾನಾಗಿದ್ದರೆ "ಗೈರುಹಾಜರಿ" ಬರೆಯುತ್ತಿದ್ದೆ. ಈ ಸಲ ಸುದ್ದಿ ನೋಡಿ, ನಾನೇ ಅವರ ಮೊಬೈಲ್‌ಗೆ ಸಾಧಾರಣ ಕರೆ ಮಾಡಿದೆ. ಪ್ಯಾನಲ್‌ನ ಮೂವರೂ ಸ್ಪೀಕರ್ ಸುತ್ತ ಕೂತು ಮಾತಾಡಿದರು.

ಸಂಬಳ ಕಳಿಸುವುದು, ಲ್ಯಾಪ್‌ಟಾಪ್ ಕಳಿಸುವುದು ಬೇರೆಯದೇ ಪಾಡು. ನಮ್ಮ ಬ್ಯಾಂಕಿನಿಂದ ಹೊರಟ ಹಣ ನಡುವಿನ ಬ್ಯಾಂಕ್‌ಗಳ ಕೈ ದಾಟಿ ಹೋಗುತ್ತದೆ. ಪ್ರತಿಯೊಂದೂ ಒಂದಿಷ್ಟು ಕತ್ತರಿಸುತ್ತದೆ. ಮೊದಲ ತಿಂಗಳು ಒಬ್ಬರಿಗೆ ಒಪ್ಪಿದ್ದಕ್ಕಿಂತ ಕಡಿಮೆ ಸೇರಿತು, ಅವರು ಸಂಕೋಚಕ್ಕೆ ಎರಡು ತಿಂಗಳು ಹೇಳಲೇ ಇಲ್ಲ. ಈಗ ಅವರ ದೇಶದಲ್ಲೇ ನೋಂದಣಿಯಾದ ಸಂಸ್ಥೆಯ ಮೂಲಕ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ. ನಮ್ಮ ಕಸುಬಿನಲ್ಲಿ ಅದಕ್ಕೆ ಎಂಪ್ಲಾಯರ್ ಆಫ್ ರೆಕಾರ್ಡ್ ಎನ್ನುತ್ತಾರೆ. ಅಲ್ಲಿನ ಕಾನೂನಿನ ಪ್ರಕಾರ ತೆರಿಗೆ, ಪಿಂಚಣಿ, ಹೆರಿಗೆ ರಜೆ ಎಲ್ಲ ಸಿಗುತ್ತದೆ. ಖರ್ಚು ಜಾಸ್ತಿ. ಕಾಂಟ್ರಾಕ್ಟರ್ ಎಂದು ತೋರಿಸಿ ಇದನ್ನೆಲ್ಲ ಉಳಿಸುವ ಕಂಪನಿಗಳು ತುಂಬ ಇವೆ. ಪೂರ್ತಿ ಸಮಯ ನಮಗೇ ದುಡಿಯುವವರನ್ನು ಹಾಗೆ ಇಟ್ಟುಕೊಳ್ಳುವುದು ತಪ್ಪು ಎಂದು ನಾನು ನಂಬುತ್ತೇನೆ.

ವೀಸಾ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. 2018ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನ್ಯೂರಿಪ್ಸ್ ಎಂಬ ದೊಡ್ಡ ಕೃತಕ ಬುದ್ಧಿಮತ್ತೆ ಸಮ್ಮೇಳನ ನಡೆದಾಗ ಆಫ್ರಿಕಾದ ಎಷ್ಟೋ ಸಂಶೋಧಕರಿಗೆ ವೀಸಾ ಸಿಗಲಿಲ್ಲ. ಅದು ದೊಡ್ಡ ಸುದ್ದಿಯಾಯಿತು. ಅದೇ ಕ್ಷೇತ್ರದ ಐಸಿಎಲ್‌ಆರ್ ಸಮ್ಮೇಳನವನ್ನು 2020ರಲ್ಲಿ ಅಡಿಸ್ ಅಬಾಬಾದಲ್ಲಿ ಮಾಡಬೇಕೆಂದು ನಿಶ್ಚಯಿಸಿದ್ದರು. ಕೋವಿಡ್‌ನಿಂದ ಆನ್‌ಲೈನ್ ಆಯಿತು. ಕೊನೆಗೆ 2023ರಲ್ಲಿ ಕಿಗಾಲಿಯಲ್ಲಿ ನಡೆಯಿತು. ನಾವೂ ಪ್ರತಿ ವರ್ಷ ಎಲ್ಲರೂ ಒಂದೆಡೆ ಸೇರುತ್ತೇವೆ. ಒಂದು ವರ್ಷ ಮೂವರಿಗೆ ವೀಸಾ ನಿರಾಕರಣೆ ಆಯಿತು. ಅವರಲ್ಲಿ ಒಬ್ಬರು, ತಮ್ಮ ದೇಶದಲ್ಲಿ ದೂತಾವಾಸ ಇಲ್ಲದ ಕಾರಣ, ವೀಸಾ ಇಂಟರ್‌ವ್ಯೂಗೆಂದೇ ಪಕ್ಕದ ದೇಶಕ್ಕೆ ಬಸ್ಸಿನಲ್ಲಿ ಹೋಗಿ ಬಂದಿದ್ದರು. ಮುಂದಿನ ವರ್ಷ ನಾನು ಪ್ರಶ್ನೆಯನ್ನೇ ತಿರುಗಿಸಿದೆ. ಎಲ್ಲಿ ಚೆನ್ನಾಗಿರುತ್ತದೆ ಎಂದು ಕೇಳಲಿಲ್ಲ, ಎಲ್ಲರೂ ಎಲ್ಲಿಗೆ ಬರಬಹುದು ಎಂದು ಕೇಳಿದೆ. ರುವಾಂಡಾ 2018ರಿಂದ ಎಲ್ಲ ದೇಶದವರಿಗೂ ಬಂದಿಳಿದ ಮೇಲೆ ವೀಸಾ ಕೊಡುತ್ತಿದೆ. ಕಿಗಾಲಿಯಲ್ಲಿ ಸೇರಿದೆವು. ಒಂದೂ ಕುರ್ಚಿ ಖಾಲಿ ಇರಲಿಲ್ಲ.

ಇಷ್ಟೆಲ್ಲ ಹೇಳುವ ನಾನು ಈ ಕೆಲಸ ಶುರು ಮಾಡಿದ್ದು ಎಲ್ಲಿ ಎಂಬುದನ್ನೂ ಹೇಳಬೇಕು. ನರ್ಸ್‌ಗಳನ್ನು ಹೊರದೇಶಕ್ಕೆ ಕಳಿಸುವ ಒಂದು ಏಜೆನ್ಸಿ. ಸೇರಿದಾಗ ನನಗೆ 22 ವರ್ಷ. ಹೋಗುವ ನರ್ಸ್‌ಗಳಿಂದಲೇ ದೊಡ್ಡ ಮೊತ್ತದ ಫೀಸ್ ವಸೂಲಿ. ರಸೀದಿ ಬರೆಯುವುದು ನನ್ನ ಕೆಲಸ. ಒಬ್ಬಳು ಹಣ ಎಣಿಸಿ ಕೊಡುತ್ತಾ ಕೇಳಿದಳು, "ಮೇಡಂ, ಈ ಸಾಲ ತೀರುವಷ್ಟರಲ್ಲಿ ಕಾಂಟ್ರಾಕ್ಟೇ ಮುಗಿದುಹೋಗುತ್ತೆ ಅಲ್ವಾ?" ನಾನು ಉತ್ತರ ಕೊಡಲಿಲ್ಲ. ರಸೀದಿ ಹರಿದು ಕೊಟ್ಟೆ. ಏಳು ತಿಂಗಳಾದ ಮೇಲೆ ಬಿಟ್ಟೆ. ಏಳು ತಿಂಗಳು ಯಾಕೆ ಬೇಕಾಯಿತು ಎಂದು ನನ್ನನ್ನೇ ಕೇಳಿಕೊಳ್ಳುತ್ತಿರುತ್ತೇನೆ.

ಕೆಲಸ ಹುಡುಕಿಕೊಡುವುದಕ್ಕೆ ಕೆಲಸಗಾರನಿಂದ ಹಣ ತೆಗೆದುಕೊಳ್ಳಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2016ರ ನ್ಯಾಯಯುತ ನೇಮಕಾತಿ ತತ್ವಗಳು ಸ್ಪಷ್ಟವಾಗಿ ಹೇಳುತ್ತವೆ. ಖರ್ಚು ಕೆಲಸ ಕೊಡುವವನದು. ಬೇರೆ ದಾರಿ ಇಲ್ಲ ಎನ್ನುವವರಿಗೆ ನಾನು ಜರ್ಮನಿಯ ಟ್ರಿಪಲ್ ವಿನ್ ಕಾರ್ಯಕ್ರಮ ತೋರಿಸುತ್ತೇನೆ. 2013ರಲ್ಲಿ ಶುರುವಾದದ್ದು. ಫಿಲಿಪ್ಪೀನ್ಸ್, ಟ್ಯುನೀಷಿಯಾ ಮುಂತಾದ ಕಡೆಯ ನರ್ಸ್‌ಗಳನ್ನು ಎರಡೂ ಕಡೆಯ ಸರ್ಕಾರಿ ಸಂಸ್ಥೆಗಳು ಸೇರಿ ಆರಿಸುತ್ತವೆ. ಹೋಗುವ ಮೊದಲೇ ಜರ್ಮನ್ ಭಾಷೆ ಕಲಿಸುತ್ತಾರೆ. ನರ್ಸ್‌ನಿಂದ ನೇಮಕಾತಿ ಫೀಸ್ ಇಲ್ಲ.

ಅದರಲ್ಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಅವರ ಊರಿನ ಆಸ್ಪತ್ರೆಯ ಗತಿ ಏನು? ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಇದಕ್ಕೆ ಒಂದು ನೀತಿಸಂಹಿತೆ ಮಾಡಿತು. 2023ರ ಅದರ ಪಟ್ಟಿಯಲ್ಲಿ 55 ದೇಶಗಳಿವೆ. ಅಲ್ಲಿ ಆರೋಗ್ಯ ಸಿಬ್ಬಂದಿ ಈಗಾಗಲೇ ತೀರಾ ಕಡಿಮೆ, ಹೋಗಿ ಹುರುಪಿನಿಂದ ಎಳೆದು ತರಬೇಡಿ ಎಂದು ಅರ್ಥ. ಆದರೆ ಅಲ್ಲಿನ ನರ್ಸ್ ತಾನಾಗಿಯೇ ಅರ್ಜಿ ಹಾಕಿದರೆ ಆ ಹಕ್ಕು ಅವಳದು, ಅದನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಕಷ್ಟ. ನಾನು ಇವತ್ತಿಗೂ ಒಂದು ಕಡೆ ವಾಲಲಾರೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಜನ ಊರು ಬಿಡಬೇಕಿಲ್ಲ. ಹಾಗೆಂದು ಊರಿಗೆ ನಷ್ಟವೇ ಇಲ್ಲ ಎನ್ನಲಾರೆ. ಅಲ್ಲಿನ ಸಣ್ಣ ಕಂಪನಿ ವರ್ಷಗಟ್ಟಲೆ ತಿದ್ದಿ ತೀಡಿದ ಸೀನಿಯರ್ ಎಂಜಿನಿಯರ್‌ನನ್ನು ನಾವು ಒಂದು ಮೇಲ್‌ನಲ್ಲಿ ಎತ್ತಿಕೊಂಡು ಬರುತ್ತೇವೆ. ಎಲ್ಲರಿಗೂ ಬೇಕಾದದ್ದು ಸೀನಿಯರ್‌ಗಳೇ. ನೈಜೀರಿಯಾದ ಲಾಗೋಸ್‌ನಲ್ಲಿ 2014ರಲ್ಲಿ ಶುರುವಾದ ಆಂಡೆಲಾ ಎಂಬ ಕಂಪನಿ ಹೊಸಬರಿಗೆ ಕಲಿಸಿ ಹೊರದೇಶದ ಕಂಪನಿಗಳ ಕೆಲಸಕ್ಕೆ ಕೂರಿಸುವ ಕನಸಿನಿಂದ ಹೊರಟಿತ್ತು. 2019ರಲ್ಲಿ ನೂರಾರು ಜೂನಿಯರ್‌ಗಳನ್ನು ಬಿಡಬೇಕಾಯಿತು. ಗಿರಾಕಿಗಳು ಕೇಳುತ್ತಿದ್ದದ್ದು ಅನುಭವಸ್ಥರನ್ನು. ಇದನ್ನು ಓದಿದ ಮೇಲೆ ನಾನು ಒಂದು ನಿಯಮಕ್ಕೆ ಹಟ ಹಿಡಿದೆ. ಯಾವುದೇ ದೇಶದಿಂದ ಇಬ್ಬರು ಸೀನಿಯರ್‌ಗಳನ್ನು ತೆಗೆದುಕೊಂಡರೆ ಅಲ್ಲಿಂದಲೇ ಒಬ್ಬ ಹೊಸಬನನ್ನೂ ತೆಗೆದುಕೊಳ್ಳಬೇಕು, ಕಲಿಸುವುದು ಆ ಇಬ್ಬರ ಕೆಲಸದ ಭಾಗ ಆಗಬೇಕು. ಮ್ಯಾನೇಜರ್‌ಗಳು ಒಪ್ಪಿದರು, ಅರೆಮನಸ್ಸಿನಿಂದ.

ಕಂಪಾಲಾದ ಹುಡುಗನಿಗೆ ವಾಪಸ್ ಬರೆದೆ ಎಂದು ಹೇಳಲಿಲ್ಲ ಅಲ್ವಾ? ಬರೆದೆ. ಎಂಟು ತಿಂಗಳ ಹಿಂದೆ ಆದದ್ದು ನಮ್ಮ ತಪ್ಪು ಎಂದೇ ಬರೆದೆ. ಅವನು ಬೇರೆ ಕಡೆ ಸೇರಿರಲಿಲ್ಲ, ಅದು ನಮ್ಮ ಪುಣ್ಯ. ನಾಲ್ಕು ವಾರದಲ್ಲಿ ಎಲ್ಲ ಸುತ್ತು ಮುಗಿಯಿತು. ಆಮೇಲೆ ಬಂತು ಸಂಬಳದ ಮಾತು.

"ಅಲ್ಲಿ ಖರ್ಚು ಕಡಿಮೆ ಅಲ್ವಾ ಮೇಡಂ, ಅರ್ಧ ಕೊಟ್ಟರೂ ಖುಷಿಯಾಗಿ ಬರ್ತಾನೆ" ಎಂದರು ಫೈನಾನ್ಸ್‌ನವರು.

ಬರುತ್ತಿದ್ದ. ಅದು ನನಗೂ ಗೊತ್ತಿತ್ತು. ಆದರೆ ಆ ಹುದ್ದೆಗೆ ಐದು ತಿಂಗಳು ಪೂರ್ತಿ ಸಂಬಳದ ಬಜೆಟ್ ಇಟ್ಟುಕೊಂಡು ಕಾದವರು ನಾವೇ. ಅವನು ಬರೆಯುವ ಕೋಡ್ ಅರ್ಧ ಹಣವನ್ನು ಮಾತ್ರ ಕಾಯುತ್ತದೆಯೇ? ಪಕ್ಕದ ಕುರ್ಚಿಯವನು ಮಾಡುವ ಅದೇ ಕೆಲಸ, ಅದೇ ಹೊಣೆ, ರಾತ್ರಿ ಸಿಸ್ಟಂ ಬಿದ್ದರೆ ಅದೇ ಫೋನ್ ಕರೆ. ಇಬ್ಬರ ಕಾಂಟ್ರಾಕ್ಟ್‌ಗಳನ್ನೂ ಹೆಸರು ಮುಚ್ಚಿ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಯಾವುದಕ್ಕೆ ಅರ್ಧ ಎಂದು ನೀವೇ ಬರೆಯಿರಿ ಅಂದೆ. ಬರೆಯಲಿಲ್ಲ. ಅವನಿಗೆ ಪೂರ್ತಿ ಸಂಬಳವೇ ಆಯಿತು.

ಆ ಹುದ್ದೆಗೆ ಮಾತ್ರ. ಅವನಿಗಿಂತ ಮೊದಲು ಸೇರಿದವರಲ್ಲಿ ಏಳು ಜನ ಇನ್ನೂ "ದೇಶಕ್ಕೆ ತಕ್ಕ" ಸಂಬಳದಲ್ಲಿ ಇದ್ದಾರೆ. ಕಿರ್ಗಿಸ್ತಾನದ ಬಿಶ್ಕೆಕ್‌ನಲ್ಲಿ ಇಬ್ಬರು, ಅಕ್ರಾದಲ್ಲಿ ಒಬ್ಬರು, ಮಾಲ್ಡೋವಾದ ಕಿಶಿನೌನಲ್ಲಿ ಮೂವರು, ಕಠ್ಮಂಡುವಿನಲ್ಲಿ ಒಬ್ಬರು. ಎರಡು ವರ್ಷದಿಂದ ಕೇಳುತ್ತಿದ್ದೇನೆ. ಮುಂದಿನ ಗುರುವಾರ ಬಜೆಟ್ ಮೀಟಿಂಗ್ ಇದೆ. ಏಳೂ ಹೆಸರು ಪ್ರಿಂಟ್ ತೆಗೆದು ಫೈಲಿನಲ್ಲಿ ಇಟ್ಟಿದ್ದೇನೆ, ಅವರವರು ಬರೆಯುವ ಹಾಗೆಯೇ. ಪಕ್ಕದಲ್ಲಿ ಅವರ ಕೆಲಸ, ಅದೇ ಕೆಲಸಕ್ಕೆ ಬೇರೆಯವರು ಪಡೆಯುವ ಸಂಬಳ. ಗುರುವಾರ ಏನಾಯಿತು ಎಂದು ಇಲ್ಲೇ ಬರೆಯುತ್ತೇನೆ.